ವಿಡಿಯೋ ಗೇಮಿನ ಪಾತ್ರವೊಂದು ‘ತುರುಕಿದ್ದು’ ಎನಿಸುವುದು ಯಾವಾಗ?

ಹೊಯ್ಸಳಪ್ರಿಯ, ಕುವೆಂಪುನಗರ, ಮೈಸೂರು

ಬೇಸಿಗೆ ರಜೆಗೆ ಬಂದಿರುವ ನನ್ನ ಅಕ್ಕನ ಮಗ ಮೊನ್ನೆ ಊಟದ ಹೊತ್ತಿನಲ್ಲಿ ಹೊಸದೊಂದು ಆಟದ ಟ್ರೇಲರ್ ನೋಡುತ್ತಿದ್ದವನು, “ಮಾವ, ಇದರಲ್ಲೂ ತುರುಕಿಬಿಟ್ಟಿದ್ದಾರೆ” ಎಂದ. ಕಥೆಗೆ ಬೇಕಿಲ್ಲದಿದ್ದರೂ ವೈವಿಧ್ಯ ತೋರಿಸಲೆಂದೇ ಸೇರಿಸಿದ್ದಾರೆ ಎಂಬುದು ಅವನ ಮಾತಿನ ಅರ್ಥ. ಪರದೆಯ ಮೇಲಿದ್ದವಳು ಒಬ್ಬ ಕಪ್ಪು ವರ್ಣದ ಯುವತಿ. ಆಕೆ ಇನ್ನೂ ಒಂದು ಮಾತನ್ನೂ ಆಡಿರಲಿಲ್ಲ. ಬಾಯಿ ತೆರೆಯುವ ಮೊದಲೇ ಒಬ್ಬಳನ್ನು ಹೊರಗಿನವಳೆಂದು ತೀರ್ಮಾನಿಸುವುದನ್ನು ಹದಿನೇಳರ ಹುಡುಗ ಎಲ್ಲಿಂದ ಕಲಿತ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಅವನ ಮಾತನ್ನು ತಳ್ಳಿಹಾಕುವುದಕ್ಕೂ ನನಗೆ ಮನಸ್ಸಿಲ್ಲ, ಏಕೆಂದರೆ ಅಂಥದೇ ಒಂದು ಇರುಸುಮುರುಸನ್ನು ನಾನೂ ಅನುಭವಿಸಿದ್ದೇನೆ. 2017ರಲ್ಲಿ ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ. ಹೊಯ್ಸಳರ ಕಾಲದ ಗಣೇಶನ ದಂತವನ್ನು ಹುಡುಕಿಕೊಂಡು ಹೋಗುವ ಇಬ್ಬರು ಹೆಂಗಸರ ಕಥೆ ಅದು. ಕ್ಲೋಯಿ ಫ್ರೇಜರ್ ತಂದೆಯ ಕಡೆಯಿಂದ ಭಾರತೀಯಳು, ನದೀನ್ ರಾಸ್ ದಕ್ಷಿಣ ಆಫ್ರಿಕಾದವಳು. ನಾಯಕರಿಬ್ಬರೂ ಹೆಣ್ಣೆಂಬುದಾಗಲಿ, ಬಿಳಿಯರಲ್ಲವೆಂಬುದಾಗಲಿ ನನಗೆ ಒಂದು ಕ್ಷಣವೂ ಚುಚ್ಚಲಿಲ್ಲ. ತಂದೆ ಅರ್ಧಕ್ಕೆ ಬಿಟ್ಟುಹೋದ ಹುಡುಕಾಟವನ್ನು ಮಗಳು ಮುಂದುವರಿಸುತ್ತಿದ್ದಾಳೆ. ಆಕೆಗೆ ಅಲ್ಲಿ ಕೆಲಸವಿದೆ, ಋಣವಿದೆ. ಚುಚ್ಚಿದ್ದು ಬೇರೆಯದು. ಆ ಆಟದಲ್ಲಿ ಬೇಲೂರು ಬೆಟ್ಟ, ಜಲಪಾತಗಳ ನಡುವೆ ಕಳೆದುಹೋದ ನಗರ. ಆದರೆ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಗುಡಿಯಲ್ಲಿ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತದೆ, ಅಲ್ಲಿಗೆ ಬಸ್ಸು ಹೋಗುತ್ತದೆ, ಗುಡಿಯ ಮುಂದೆ ಎಳನೀರು ಮಾರುತ್ತಾರೆ. ಸೋಮನಾಥಪುರದ ಕಂಬಗಳನ್ನು ಮುಟ್ಟಿ ಬೆಳೆದ ನನಗೆ, ಅಷ್ಟೊಂದು ಶ್ರಮ ಹಾಕಿ ಶಿಲ್ಪಗಳನ್ನು ಕಡೆದ ಕಲಾವಿದರು ಆ ಊರಿನ ಜನರನ್ನೇ ಮರೆತದ್ದು ನೋವು ತಂದಿತು. ಆಟ ಮುಗಿಯುವವರೆಗೂ ನನ್ನ ಕಿವಿ ಒಂದು ಕನ್ನಡ ಮಾತಿಗಾಗಿ ಕಾಯುತ್ತಲೇ ಇತ್ತು.

ಹಾಗಾಗಿ ನನ್ನ ಅನುಮಾನವೇನೆಂದರೆ, ಪಾತ್ರ ಯಾವ ಬಣ್ಣದ್ದು, ಯಾವ ಲಿಂಗದ್ದು ಎಂಬುದಕ್ಕಿಂತ, ಅದನ್ನು ಮಾಡಿದವನಿಗೆ ಆ ಪಾತ್ರದ ಮನೆಯ ಪರಿಚಯವಿತ್ತೇ ಎಂಬುದರಿಂದಲೇ ಈ ‘ತುರುಕಿದ’ ಭಾವನೆ ಹುಟ್ಟುತ್ತದೆ. ಹಿರಿಯರು, ಕಿರಿಯರು ಎಲ್ಲರೂ, ನನ್ನ ಹಾಗೆ ಅಂಕಿತನಾಮದಲ್ಲಾದರೂ ಸರಿ, ತಮ್ಮ ಅಭಿಪ್ರಾಯವನ್ನು ಬಿಚ್ಚಿ ಬರೆಯಬೇಕೆಂದು ಕೋರುತ್ತೇನೆ.

ಏಳನೇ ಹಂತ, ಸರಸ್ವತಿಪುರಂ, ಮೈಸೂರು

ಸರ್, ನಿಮ್ಮ ಅಕ್ಕನ ಮಗನ ಪರವಾಗಿ ನಾನು ಮಾತನಾಡುತ್ತೇನೆ. ನಾನು ಇಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ, ಎಂಟನೇ ತರಗತಿಯಿಂದ ಆಡುತ್ತಿದ್ದೇನೆ. ನಮ್ಮ ವಯಸ್ಸಿನವರು ಕಪ್ಪು ಬಣ್ಣವನ್ನು ದ್ವೇಷಿಸಿ ಹೀಗೆನ್ನುತ್ತಾರೆ ಎಂದು ಹಿರಿಯರು ಭಾವಿಸುವುದು ಸರಿಯಲ್ಲ. ಎಷ್ಟೋ ಆಟಗಳಲ್ಲಿ ಪಾತ್ರಗಳ ಸಾಲನ್ನು ನೋಡಿದರೆ ಯಾರೋ ಒಂದು ನಮೂನೆಯನ್ನು ಮುಂದಿಟ್ಟುಕೊಂಡು ಕಲಂಗಳನ್ನು ಭರ್ತಿ ಮಾಡಿದಂತೆ ಕಾಣುತ್ತದೆ, ಆಮೇಲೆ ಆ ಭರ್ತಿ ಮಾಡಿದ್ದನ್ನೇ ಪ್ರಚಾರದಲ್ಲಿ ಹೆಚ್ಚುಗಾರಿಕೆಯಾಗಿ ಹೇಳಿಕೊಳ್ಳುತ್ತಾರೆ. ಆ ಪಾತ್ರಕ್ಕೆ ಬೇರೆ ಯಾವ ಗುಣವೂ ಇರುವುದಿಲ್ಲ.

2024ರ ಅಕ್ಟೋಬರ್ ಕೊನೆಗೆ ಬಂದ ‘ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್’ ನನಗೆ ಬಹಳ ಬೇಸರ ತಂದ ಆಟ. ಅದರಲ್ಲಿ ಟಾಶ್ ಎಂಬ ಪಾತ್ರ ತಾನು ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂಬುದನ್ನು ಅರಿತುಕೊಳ್ಳುವ ಕಥೆಯಿದೆ. ಆ ಕಥೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಡ್ರ್ಯಾಗನ್ನುಗಳು ಹಾರಾಡುವ, ಮಂತ್ರವಾದಿಗಳು ಆಳುವ ಲೋಕದಲ್ಲಿ ‘ನಾನ್-ಬೈನರಿ’ ಎಂಬ ಇಂದಿನ ಕಾಲೇಜಿನ ಪದವನ್ನು ಹಾಗೆಯೇ ಆಡಿಸಿದಾಗ, ಕಥೆಯ ಒಳಗಿದ್ದ ನಾನು ದಿಢೀರನೆ ಹೊರಗೆ ಬಂದು ಬಿದ್ದೆ. ಬಗೆಬಗೆಯ ಬಣ್ಣ, ದೇಹಗಳ ಪಾತ್ರಗಳಿದ್ದ ಅದೇ ವರ್ಷದ ‘ಕಾಂಕಾರ್ಡ್’ ಎಂಬ ಆಟ ಆಗಸ್ಟ್ 23ಕ್ಕೆ ಬಿಡುಗಡೆಯಾಗಿ ಸೆಪ್ಟೆಂಬರ್ 6ಕ್ಕೆ ಬಾಗಿಲು ಹಾಕಿತು, ಕೊಂಡವರಿಗೆ ಸೋನಿ ಕಂಪನಿ ಹಣ ಹಿಂದಿರುಗಿಸಿತು. ಜನ ಆ ಪಾತ್ರಗಳನ್ನು ಒಪ್ಪಲಿಲ್ಲವೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಕಬ್ಬಿನ ಗದ್ದೆ, ಮದ್ದೂರು, ಮಂಡ್ಯ ಜಿಲ್ಲೆ

ನಾನು ಗೇಮು ಆಡುವವನಲ್ಲ. ನನ್ನ ತಮ್ಮ ಆಡುತ್ತಾನೆ, ಪಕ್ಕದಲ್ಲಿ ಕುಳಿತು ನೋಡುತ್ತೇನೆ. ಆದರೂ ಈ ವಿಷಯದಲ್ಲಿ ಮಂಡ್ಯದವನಿಗೆ ಹೇಳಲು ಒಂದಿದೆ.

ನಾನು ಹುಡುಗನಾಗಿದ್ದಾಗಿನಿಂದ ತೆರೆಯ ಮೇಲೆ ನಮ್ಮ ಮಾತು ಬಂದಿತೆಂದರೆ ಜನ ನಗಲು ಸಿದ್ಧರಾಗುತ್ತಿದ್ದರು. ‘ಕಣ್ಲಾ’, ‘ಹೋಗ್ಲಾ’ ಎಂದೊಡನೆ ಚಿತ್ರಮಂದಿರವೇ ನಗುತ್ತಿತ್ತು. ಆ ಪಾತ್ರ ಒಂದೋ ಹೊಡೆದಾಡುವ ಒರಟ, ಇಲ್ಲವೇ ಪಟ್ಟಣಕ್ಕೆ ಬಂದು ದಾರಿ ತಪ್ಪುವ ಪೆದ್ದ. ಮನೆಯಲ್ಲಿ ಅದೇ ಮಾತಿನಲ್ಲಿ ನನ್ನ ಅವ್ವ ನೀರಿನ ಸರದಿ ಲೆಕ್ಕ ಹಾಕುತ್ತಿದ್ದಳು, ಅಜ್ಜ ಸತ್ತಾಗ ಅದೇ ಮಾತಿನಲ್ಲಿ ಅತ್ತಳು. ಮೈಸೂರಿನ ಕಾಲೇಜಿಗೆ ಸೇರಿದ ಮೊದಲ ವರ್ಷ ನಾನು ತರಗತಿಯಲ್ಲಿ ಬಾಯಿ ಬಿಡದೆ ಕೂತದ್ದು ಆ ನಗುವಿಗೆ ಹೆದರಿ. ಎಲ್ಲರೂ ಗುರುತಿಸುವಂತೆ ತೆರೆಯ ಮೇಲಿದ್ದೂ, ನಮ್ಮ ಪಾಲಿಗೆ ಇಲ್ಲದಂತೆಯೇ ಇರುವ ಸ್ಥಿತಿ ಅದು.

ಆದ್ದರಿಂದ ಏಳನೇ ಹಂತದ ತಮ್ಮನಿಗೆ ನನ್ನ ಪ್ರಶ್ನೆ ಇದು. ಗುಣವಿಲ್ಲದ ಬಿಳಿಯ ಗಂಡು ಪಾತ್ರಗಳು ನೂರಾರು ಆಟಗಳಲ್ಲಿ ಬಂದುಹೋಗಿವೆಯಲ್ಲ, ಅವನ್ನು ನೋಡಿ ‘ಆಟ ಚೆನ್ನಾಗಿಲ್ಲ’ ಎನ್ನುತ್ತೀರಿ. ‘ಇವನನ್ನು ತುರುಕಿದ್ದಾರೆ’ ಎಂದು ಒಮ್ಮೆಯಾದರೂ ಅಂದಿದ್ದೀರಾ?

ನೆರಿಗೆ, ಯಾದವಗಿರಿ, ಮೈಸೂರು

ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನಾನು ಹೇಳಬಲ್ಲೆ. ಬೆಂಗಳೂರಿನಲ್ಲಿ ಆಟಗಳಿಗೆ ಮೂರು ಆಯಾಮದ ಪಾತ್ರಗಳನ್ನು ಮಾಡುವುದು ನನ್ನ ವೃತ್ತಿ, ಶನಿವಾರ ರೈಲಿನಲ್ಲಿ ಮನೆಗೆ ಬರುತ್ತೇನೆ. ಹೊರದೇಶದ ಆಟಗಳ ಎಷ್ಟೋ ಪಾತ್ರಗಳ ಕೂದಲು, ಬಟ್ಟೆ, ಬೂಟು ತಯಾರಾಗುವುದು ನಮ್ಮಂಥವರ ಮೇಜಿನ ಮೇಲೆ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ವರ್ಷಾನುಗಟ್ಟಲೆ ಇಂಥ ಕೆಲಸವನ್ನೇ ಮಾಡಿತು, 2019ರಲ್ಲಿ ಅದನ್ನು ವಿದೇಶದ ಆಟದ ಕಂಪನಿಯಾದ ರಾಕ್‌ಸ್ಟಾರ್ ಕೊಂಡುಕೊಂಡಿತು. ಎಂದರೆ ಕೈ ನಮ್ಮದೇ ಇದೆ. ಪಾತ್ರ ಯಾರೆಂದು ತೀರ್ಮಾನಿಸುವ ಮೇಜು ಮಾತ್ರ ಬೇರೆ ಕಡೆ ಇದೆ.

ನಾನು ಹಿಂದೆ ಕೆಲಸಕ್ಕಿದ್ದ ಒಂದು ಸ್ಟುಡಿಯೋಗೆ ಒಮ್ಮೆ ಹೀಗೊಂದು ಬೇಡಿಕೆ ಬಂತು: ಭಾರತೀಯ ಮಹಿಳೆ, ಸೀರೆ, ಹಣೆಬೊಟ್ಟು, ಎರಡು ವಾರ. ಯಾವ ಊರಿನವಳು, ಯಾವ ಕೆಲಸ ಮಾಡುವವಳು, ಎಷ್ಟು ವಯಸ್ಸು ಎಂದು ನಾನು ಕೇಳಿದ್ದಕ್ಕೆ ಅದೆಲ್ಲ ಬೇಕಿಲ್ಲವೆಂಬ ಉತ್ತರ ಬಂತು. ಸೀರೆಯನ್ನು ಬಲ್ಲವರಿಗೆ ಈ ಉತ್ತರದ ತೊಂದರೆ ತಿಳಿಯುತ್ತದೆ. ಗದ್ದೆಯಲ್ಲಿ ನಾಟಿ ಹಾಕುವವಳು ಸೀರೆಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸುತ್ತಾಳೆ, ಕಚೇರಿಗೆ ಹೋಗುವವಳು ಸೆರಗಿಗೆ ಪಿನ್ನು ಹಾಕುತ್ತಾಳೆ, ನಮ್ಮಜ್ಜಿ ಮೈಸೂರು ಸಿಲ್ಕಿನ ಸೆರಗನ್ನು ಬಲಭುಜದ ಮೇಲೂ ಎಳೆದುಕೊಳ್ಳುತ್ತಿದ್ದರು. ಕೆಲಸ ಗೊತ್ತಿಲ್ಲದೆ ಉಡಿಸುವುದು ಹೇಗೆ?

ಕಂಪ್ಯೂಟರಿಗೂ ಸೀರೆ ಸುಲಭದ ಬಟ್ಟೆಯಲ್ಲ. ಒಂದೇ ಉದ್ದ ಬಟ್ಟೆ, ಹೊಟ್ಟೆಯ ಬಳಿ ಒಂದರ ಮೇಲೊಂದು ಆರೇಳು ಪದರ. ನಡೆಯುವಾಗ ಆ ಪದರಗಳು ಒಂದರೊಳಗೊಂದು ತೂರಿಕೊಂಡು ಹರಿದಂತೆ ಕಾಣುತ್ತವೆ. ಅದಕ್ಕಾಗಿ ಲಂಗ, ರವಿಕೆ, ಸೆರಗು ಎಂದು ಬೇರೆಬೇರೆ ತುಂಡು ಮಾಡಿ, ನೆರಿಗೆಯನ್ನು ಕಲ್ಲಿನಲ್ಲಿ ಕೆತ್ತಿದಂತೆ ಗಟ್ಟಿಯಾಗಿ ಕೂರಿಸಿಬಿಡುತ್ತಾರೆ. ಎರಡು ವಾರದಲ್ಲಿ ಆಗುವುದು ಅಷ್ಟೇ. ಕಪ್ಪು ಚರ್ಮದ ವಿಷಯವೂ ಹಾಗೆಯೇ: ದೃಶ್ಯದ ಬೆಳಕನ್ನು ಬಿಳಿಯ ಮುಖಕ್ಕೆ ಹೊಂದಿಸಿ ಮುಗಿಸಿದ ಮೇಲೆ ಕಪ್ಪು ಮುಖವನ್ನು ತಂದಿಟ್ಟರೆ ಅದು ಬೂದಿ ಬಳಿದಂತೆ ನಿಸ್ತೇಜವಾಗುತ್ತದೆ, ಏಕೆಂದರೆ ಕಪ್ಪು ಚರ್ಮದ ಚೆಲುವಿರುವುದು ಅದರ ಮೇಲೆ ಹೊಳೆಯುವ ಬೆಳಕಿನ ಅಂಚಿನಲ್ಲಿ. ಗುಂಗುರು ಕೂದಲಿಗಂತೂ ಅದರದೇ ಆದ ದಿನಗಳು ಬೇಕು. ಆಡುವವರ ಕಣ್ಣಿಗೆ ಇದೆಲ್ಲ ಒಟ್ಟಾಗಿ ‘ಈ ಪಾತ್ರ ಇಲ್ಲಿಗೆ ಹೊಂದುತ್ತಿಲ್ಲ’ ಎಂದು ಬೀಳುತ್ತದೆ. ಹೊಂದದಿರುವುದು ನಿಜ. ಕೊನೆಯಲ್ಲಿ ನೆನಪಾಗಿ ಅವಸರದಲ್ಲಿ ಮಾಡಿಸಿದ್ದೇ ಅದಕ್ಕೆ ಕಾರಣವೆಂಬುದನ್ನು ಆಡುವವರಿಗೆ ಯಾರೂ ಹೇಳುವುದಿಲ್ಲ.

ಗೊಂಬೆ ಮನೆ, ವಿಜಯನಗರ ಎರಡನೇ ಹಂತ, ಮೈಸೂರು

ನೆರಿಗೆ ಅವರ ಮಾತು ಓದಿ ನಮ್ಮ ದಸರಾ ಗೊಂಬೆಗಳು ನೆನಪಾದವು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಕೆಳಗೆ ಶೆಟ್ಟಿ ದಂಪತಿಗಳು. ಶೆಟ್ಟಿಯ ಮುಂದೆ ಅಕ್ಕಿ, ಬೇಳೆ, ಬೆಲ್ಲ, ಉಪ್ಪಿನ ಪುಟ್ಟ ರಾಶಿಗಳನ್ನು ಹಾಕುತ್ತೇವೆ. ರಾಶಿ ಹಾಕುವವರೆಗೆ ಅವನು ಬರೀ ಗೊಂಬೆ; ಹಾಕಿದ ಮೇಲೆ ಅಂಗಡಿಯವನು. ನಮ್ಮ ಅತ್ತೆ ಒಂದು ವರ್ಷ ಕ್ರಿಕೆಟ್ ತಂಡದ ಗೊಂಬೆಗಳನ್ನು ತಂದಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಅವರು ಒಂದು ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ, ಹಸಿರು ಮೈದಾನ ಮಾಡಿ, ಆಟಗಾರರನ್ನು ಅವರವರ ಜಾಗದಲ್ಲಿ ನಿಲ್ಲಿಸಿದ ಮೇಲೆ ಯಾರೂ ತುಟಿ ಬಿಚ್ಚಲಿಲ್ಲ.

ನಾನು ಜೀವನದಲ್ಲಿ ಕೊನೆಯವರೆಗೆ ಆಡಿದ ಆಟ ಒಂದೇ, ‘ವೆಣ್ಬಾ’. 2023ರಲ್ಲಿ ಬಂದದ್ದು, ಮಗಳು ಹಾಕಿಕೊಟ್ಟಳು. ಎಂಬತ್ತರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿಗಳ ಕಥೆ. ತಾಯಿಯ ಹರಿದು ಮಸುಕಾದ ಅಡುಗೆ ಪುಸ್ತಕ ನೋಡಿ ಇಡ್ಲಿ ಬೇಯಿಸಬೇಕು, ತಟ್ಟೆ ಜೋಡಿಸುವ ಕ್ರಮ ತಪ್ಪಿದರೆ ಇಡ್ಲಿ ಕೆಡುತ್ತದೆ. ಅಲ್ಲಿ ನನಗೆ ಯಾವುದನ್ನೂ ವಿವರಿಸಬೇಕಾಗಲಿಲ್ಲ. ಮಗ ಬೆಳೆಯುತ್ತಾ ತಾಯಿಯ ತಮಿಳಿಗೆ ಇಂಗ್ಲಿಷಿನಲ್ಲಿ ಉತ್ತರಿಸತೊಡಗುವಾಗ ನನ್ನ ಕಣ್ಣು ತುಂಬಿತು, ಏಕೆಂದರೆ ಮೆಲ್ಬೋರ್ನಿನಲ್ಲಿರುವ ನನ್ನ ತಂಗಿಯ ಮಗ ವಾಟ್ಸಾಪ್ ಕರೆಯಲ್ಲಿ ನನಗೆ ಹಾಗೆಯೇ ಉತ್ತರಿಸುತ್ತಾನೆ. ಆ ಆಟ ತಮಿಳರದು, ನಾನು ಕನ್ನಡತಿ. ಆದರೂ ಆ ಅಡುಗೆಮನೆ ನನ್ನದೇ ಎನಿಸಿತು.

ಗಂಗೋತ್ರಿ ಓದುಗ, ಮಾನಸಗಂಗೋತ್ರಿ, ಮೈಸೂರು

ಜಾನಪದದ ವಿದ್ಯಾರ್ಥಿಯಾಗಿ, ಏಳನೇ ಹಂತ ಅವರು ಎತ್ತಿದ ‘ನಾನ್-ಬೈನರಿ’ ಪದದ ಪ್ರಶ್ನೆ ಅತಿ ಮುಖ್ಯವೆಂದು ನನಗೆ ತೋರುತ್ತದೆ. ಅದೇ ‘ಡ್ರ್ಯಾಗನ್ ಏಜ್’ ಸರಣಿಯಲ್ಲಿ 2014ರಲ್ಲಿ ಬಂದ ‘ಇನ್‌ಕ್ವಿಸಿಷನ್’ ಆಟದಲ್ಲಿ ಕ್ರೆಮ್ ಎಂಬ ಪಾತ್ರವಿದೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವ ಸೈನಿಕ. ಅವನ ನಾಯಕನಾದ ಐರನ್ ಬುಲ್ ತಮ್ಮ ಜನರಲ್ಲಿ ಇಂಥವರನ್ನು ‘ಅಕುನ್-ಅಥ್ಲೋಕ್’ ಎನ್ನುತ್ತಾರೆಂದು ಹೇಳುತ್ತಾನೆ. ಆ ಲೋಕದ ಜನರಿಗೆ ತಮ್ಮದೇ ಪದವಿತ್ತು, ತಮ್ಮದೇ ತಿಳಿವಳಿಕೆಯಿತ್ತು. ಹತ್ತು ವರ್ಷಗಳ ನಂತರದ ಆಟ ಟಾಶ್‌ಗಾಗಿ ಹೊರಗಿನ ಪದವನ್ನು ತಂದಿತು.

ನಮ್ಮ ನಾಡಿನಲ್ಲಿಯೂ ಸವದತ್ತಿಯ ಎಲ್ಲಮ್ಮನ ಪರಂಪರೆಯಲ್ಲಿ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗಪ್ಪಂದಿರಿದ್ದಾರೆ. ಅವರಿಗೆ ಚೌಡಿಕೆ ಎಂಬ ವಾದ್ಯವಿದೆ, ಹಾಡಿದೆ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ವಿದ್ಯೆಯಿದೆ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಸಂದಿದೆ. ಇಂಥ ಒಬ್ಬರನ್ನು ಆಟದೊಳಗೆ ತರುವವನು ಪಠ್ಯಪುಸ್ತಕದ ಪದದಿಂದ ಆರಂಭಿಸದೆ ಆ ಕೊಡದಿಂದ ಆರಂಭಿಸಿದರೆ ಯಾರಿಗೆ ಅದು ತುರುಕಿದ್ದೆನಿಸೀತು?

ಇನ್ನೊಂದು ಮಾತು, ಇದು ನಮ್ಮ ಊರಿಗೇ ಸಂಬಂಧಿಸಿದ್ದು. ಮೊಘಲರ ಗಂಜೀಫಾ ಎಂಬ ಇಸ್ಪೀಟಿನಂಥ ಆಟದಲ್ಲಿ ಎಂಟು ಬಣಗಳ 96 ಎಲೆಗಳಿದ್ದವು. ಅದು ಇಲ್ಲಿನ ನೆಲಕ್ಕೆ ಹೊಂದಿಕೊಳ್ಳುತ್ತಾ ಹತ್ತು ಅವತಾರಗಳ 120 ಎಲೆಗಳ ದಶಾವತಾರ ಗಂಜೀಫಾ ಆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಚಾಮುಂಡೇಶ್ವರಿಯನ್ನೇ ಆಟಕ್ಕೆ ತಂದು ‘ಚದ’ ಎಂಬ ಹೊಸ ಹೊಸ ಎಲೆಯಾಟಗಳನ್ನು ರಚಿಸಿ ತಮ್ಮ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ದಾಖಲಿಸಿದರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆಟದ ಮನೆಗಳನ್ನು ಬರೆಸಿದವರೂ ಅವರೇ. ಆಟದ ಪಾತ್ರಗಳನ್ನು ಬದಲಿಸಿಕೊಳ್ಳುವುದು ಮೈಸೂರಿಗೆ ನಿನ್ನೆ ಮೊನ್ನೆ ಬಂದ ಚಾಳಿಯಲ್ಲ.

ಹೊಯ್ಸಳಪ್ರಿಯ

ಏಳನೇ ಹಂತ ಅವರೇ, ‘ಕಾಂಕಾರ್ಡ್’ ವಿಷಯದಲ್ಲಿ ನಾನು ಒಪ್ಪಲಾರೆ. ಉಚಿತವಾಗಿ ಸಿಗುವ ಅದೇ ಬಗೆಯ ಆಟಗಳ ನಡುವೆ ಅದಕ್ಕೆ 40 ಡಾಲರ್ ಬೆಲೆಯಿಟ್ಟರು. ಸೋಲಿಗೆ ಪಾತ್ರಗಳ ಬಣ್ಣವೇ ಕಾರಣವಾಗಿದ್ದರೆ, ಅದರ ಹಿಂದಿನ ವರ್ಷವೇ ಎಲ್ಲ ಬಗೆಯ ಒಲವು, ಎಲ್ಲ ಬಗೆಯ ದೇಹಗಳಿಗೆ ಜಾಗ ಕೊಟ್ಟ ‘ಬಾಲ್ಡರ್ಸ್ ಗೇಟ್ 3’ ವರ್ಷದ ಆಟ ಎಂಬ ಪ್ರಶಸ್ತಿ ಪಡೆದು ಜನರ ಮನಸ್ಸಿನಲ್ಲಿ ನಿಂತದ್ದು ಹೇಗೆ?

ಯಾಸುಕೆಯ ಉದಾಹರಣೆ ನನಗೆ ಇನ್ನೂ ಹೆಚ್ಚು ಹೇಳುತ್ತದೆ. ಆಫ್ರಿಕಾ ಮೂಲದ ಆತ 1579ರಲ್ಲಿ ಪಾದ್ರಿಗಳ ಜೊತೆ ಜಪಾನಿಗೆ ಬಂದು ಅಲ್ಲಿನ ಪ್ರಬಲ ಸೇನಾನಾಯಕ ಓಡ ನೊಬುನಾಗನ ಸೇವೆಯಲ್ಲಿದ್ದದ್ದು ಚರಿತ್ರೆ. 2025ರ ಮಾರ್ಚಿನಲ್ಲಿ ಬಂದ ‘ಅಸ್ಸಾಸಿನ್ಸ್ ಕ್ರೀಡ್ ಶ್ಯಾಡೋಸ್’ ಆತನನ್ನು ಇಬ್ಬರು ನಾಯಕರಲ್ಲಿ ಒಬ್ಬನನ್ನಾಗಿಸಿದಾಗ ತಿಂಗಳುಗಟ್ಟಲೆ ಗದ್ದಲವಾಯಿತು. ಆದರೆ 2017ರ ‘ನಿಯೋ’ ಎಂಬ ಜಪಾನೀ ಆಟದಲ್ಲಿ ಅದೇ ಯಾಸುಕೆ ಎದುರಾಳಿಯಾಗಿ ಬರುತ್ತಾನೆ, ನಾಯಕನಾಗಿ ಜಪಾನಿನಲ್ಲಿ ಕತ್ತಿ ಹಿಡಿಯುವವನು ವಿಲಿಯಂ ಎಂಬ ಬಿಳಿಯ. ಆಗ ಇಂಥ ಗದ್ದಲವನ್ನು ನಾನು ಕೇಳಲಿಲ್ಲ. ಹಾಗೆಂದು ‘ಶ್ಯಾಡೋಸ್’ ಮಾಡಿದವರು ತಪ್ಪೇ ಮಾಡಿಲ್ಲವೆಂದು ನಾನು ಹೇಳುವುದಿಲ್ಲ: ಚರಿತ್ರೆಯನ್ನು ಮರುನಟಿಸುವ ಒಂದು ಜಪಾನೀ ತಂಡದ ಧ್ವಜವನ್ನು ಕೇಳದೆ ತಮ್ಮ ಚಿತ್ರದಲ್ಲಿ ಬಳಸಿ, 2024ರಲ್ಲಿ ಕ್ಷಮೆ ಕೇಳಬೇಕಾಯಿತು. ನಿಜವಾದ ಅಜಾಗರೂಕತೆ ಇದ್ದದ್ದು ಅಲ್ಲಿ.

ಏಳನೇ ಹಂತ

ಮದ್ದೂರಿನ ಅಣ್ಣನ ಪ್ರಶ್ನೆಗೆ ಎರಡು ದಿನ ಯೋಚಿಸಿದೆ. ಇಲ್ಲ, ಬಿಳಿಯ ಪಾತ್ರವನ್ನು ನೋಡಿ ಆ ಮಾತನ್ನು ನಾನು ಒಮ್ಮೆಯೂ ಅಂದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಾಗುತ್ತಿದೆ. ಹಾಗಿದ್ದೂ ಕಂಪನಿಗಳು ಪಾತ್ರವನ್ನು ಬರೆಯುವ ಮೊದಲೇ ಪ್ರಚಾರವನ್ನು ಬರೆಯುತ್ತವೆ ಎಂಬ ನನ್ನ ಆಕ್ಷೇಪವನ್ನು ಹಿಂತೆಗೆದುಕೊಳ್ಳುವುದಿಲ್ಲ. ನೆರಿಗೆ ಅಕ್ಕ ಹೇಳಿದ ‘ಎರಡು ವಾರ’ವೇ ಅದಕ್ಕೆ ಸಾಕ್ಷಿ.

ಕೋಟೆ ಬಾಗಿಲು, ಶ್ರೀರಂಗಪಟ್ಟಣ

‘ಭಾರತೀಯ’ ಎಂಬ ಒಂದೇ ಮೂಟೆಯ ಬಗ್ಗೆ ನನಗೂ ಹೇಳಲಿಕ್ಕಿದೆ. 1991ರ ‘ಸ್ಟ್ರೀಟ್ ಫೈಟರ್ 2’ರಲ್ಲಿ ನಮ್ಮ ದೇಶದವನೆಂದು ಬಂದ ಧಾಲ್ಸಿಮ್ ಕೊರಳಿಗೆ ತಲೆಬುರುಡೆ ಹಾಕಿಕೊಂಡು ಬೆಂಕಿ ಉಗುಳುವ ಯೋಗಿ. 2022ರ ಅಕ್ಟೋಬರಿನಲ್ಲಿ ‘ವ್ಯಾಲೊರಂಟ್’ ಆಟಕ್ಕೆ ಬಂದ ಹಾರ್ಬರ್ ಎಂಬ ಪಾತ್ರ ಭಾರತದ ಕರಾವಳಿಯವನೆಂದು ಪರಿಚಯ, ಹೆಸರು ವರುಣ್ ಬಾತ್ರಾ, ಆಡುವ ದೇಶೀ ಮಾತು ಹಿಂದಿ. ಮಂಗಳೂರು, ಕಾರವಾರಗಳ ಕರಾವಳಿಯನ್ನು ಬಲ್ಲ ನಮಗೆ ಅದು ಯಾವ ದಡವೆಂದು ತಿಳಿಯದು.

ಸಾಮ್ರಾಜ್ಯ ಕಟ್ಟಿ ಕಾದಾಡುವ ‘ಏಜ್ ಆಫ್ ಎಂಪೈರ್ಸ್ 2’ ಆಟದಲ್ಲಿ 2013ರಿಂದ ‘ಇಂಡಿಯನ್ಸ್’ ಎಂಬ ಒಂದೇ ಗುಂಪಿತ್ತು. 2022ರಲ್ಲಿ ಅದನ್ನು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ವಿಂಗಡಿಸಿದರು. ನಾವು ದ್ರಾವಿಡದೊಳಗೆ ಬರುತ್ತೇವೆ, ಅಲ್ಲಿನ ಕಥಾನಕ ರಾಜೇಂದ್ರ ಚೋಳನದು. ಅಷ್ಟಾದರೂ ಆಯಿತಲ್ಲ ಎಂದು ನಾನು ಮನಸಾರೆ ಸಂತೋಷಪಟ್ಟೆ. ‘ಯುರೋಪಾ ಯೂನಿವರ್ಸಾಲಿಸ್ 4’ರಲ್ಲಂತೂ ವಿಜಯನಗರವೂ ಇದೆ, ಮೈಸೂರೂ ಇದೆ, ಕನ್ನಡ ಎಂಬ ಸಂಸ್ಕೃತಿಯೇ ಬೇರೆಯಾಗಿ ನಮೂದಾಗಿದೆ. ನಕ್ಷೆಯಲ್ಲಿ ಆ ಹೆಸರನ್ನು ಮೊದಲ ಸಲ ಕಂಡ ರಾತ್ರಿ ನಾನು ಆಡುವುದನ್ನು ಬಿಟ್ಟು ಸುಮ್ಮನೆ ಅದನ್ನೇ ನೋಡುತ್ತಾ ಕುಳಿತಿದ್ದೆ.

ಹೊಯ್ಸಳಪ್ರಿಯ

ಈ ಬರಹಗಳನ್ನು ಅಕ್ಕನ ಮಗನಿಗೆ ಓದಿಸಿದೆ. ಅವನು ಏನೂ ಹೇಳಲಿಲ್ಲ. ಇಂದು ಬೆಳಿಗ್ಗೆ ನೋಟ್‌ಬುಕ್ಕಿನ ಹಾಳೆಯೊಂದನ್ನು ತಂದು ತೋರಿಸಿದ. ತನ್ನದೇ ಆಟಕ್ಕೆ ಒಬ್ಬ ನಾಯಕಿಯನ್ನು ಬರೆದಿದ್ದಾನೆ: ಮಂಡ್ಯ ಕಡೆಯ ಕಬ್ಬು ಕಡಿಯುವ ಹುಡುಗಿ. ಮೊಣಕಾಲವರೆಗೆ ಎತ್ತಿ ಕಟ್ಟಿದ ಸೀರೆ, ತೋಳಿಲ್ಲದ ರವಿಕೆ, ಕೈಯಲ್ಲಿ ಉದ್ದನೆಯ ಕತ್ತಿ. ಕಬ್ಬನ್ನು ನಡುಮಟ್ಟಕ್ಕೆ ಬೀಸಿ ಕತ್ತರಿಸುತ್ತಿದ್ದಾಳೆ. ಸರಿಯಾಗಿದೆಯೇ ಎಂದು ಕೇಳಲು ಹೇಳಿದ್ದಾನೆ.

ಕಬ್ಬಿನ ಗದ್ದೆ

ಹುಡುಗನಿಗೆ ನನ್ನ ಆಶೀರ್ವಾದ ತಿಳಿಸಿ, ಸರ್. ಮುಖ ಚೆನ್ನಾಗಿ ಬಂದಿರಬೇಕು, ಆದರೆ ಮೂರು ತಿದ್ದುಪಡಿಗಳಿವೆ. ಕಬ್ಬಿನ ಗರಿಯ ಅಂಚು ಗರಗಸದಂತೆ ಕೊಯ್ಯುತ್ತದೆ. ತೋಳಿಲ್ಲದ ರವಿಕೆಯಲ್ಲಿ ಯಾರೂ ಗದ್ದೆಗೆ ಇಳಿಯುವುದಿಲ್ಲ. ಸೀರೆಯ ಮೇಲೆ ಗಂಡನದೋ ಅಣ್ಣನದೋ ತುಂಬುತೋಳಿನ ಹಳೆಯ ಅಂಗಿ ತೊಡಿಸಲಿ, ತಲೆಗೆ ಟವೆಲ್ ಸುತ್ತಲಿ. ಕೈಗೆ ಉದ್ದ ಕತ್ತಿ ಬೇಡ, ಮಚ್ಚು ಕೊಡಲಿ. ಕಬ್ಬನ್ನು ನಡುವೆ ಕಡಿಯುವುದಿಲ್ಲ; ಸಿಹಿ ಹೆಚ್ಚಿರುವುದು ಬುಡದಲ್ಲಿ, ಆದ್ದರಿಂದ ಬಗ್ಗಿ ನೆಲಮಟ್ಟಕ್ಕೆ ಕಡಿಯಬೇಕು. ಭಾನುವಾರ ಇಬ್ಬರೂ ಬನ್ನಿ, ನಮ್ಮ ಪಕ್ಕದ ಗದ್ದೆಯಲ್ಲಿ ಕಟಾವು ನಡೆಯುತ್ತಿದೆ. ಮಧ್ಯಾಹ್ನ ಆಲೆಮನೆಯನ್ನೂ ನೋಡಬಹುದು.

ನೆರಿಗೆ

ನಾನೂ ಬರುತ್ತೇನೆ. ಆ ಅಂಗಿಯ ತೋಳು ಮಡಚಿದಾಗ ಸೆರಗು ಎಲ್ಲಿ ಹೋಗುತ್ತದೆ ಎಂಬುದನ್ನು ನೋಡಬೇಕು.